ಹೆಗ್ಗೋಡಿನಲ್ಲಿ ಒಂದು ಶನಿವಾರ: ನಾಟಕ, ಅಡಿಕೆ, ಚೊಗರು

ನಾಟಕ ಶುರುವಾಗಲು ಇನ್ನೂ ಹತ್ತು ನಿಮಿಷ ಇತ್ತು. ಪಕ್ಕದಲ್ಲಿ ಬಂದು ಕೂತ ಅಕ್ಕನ ಕೈ ನೋಡಿ ಮಗಳು ನನ್ನ ಕಿವಿಯಲ್ಲಿ ಕೇಳಿದಳು, "ಅಮ್ಮಾ, ಅವರ ಬೆರಳು ಯಾಕೆ ಅಷ್ಟು ಕಪ್ಪು?" ಮೆಲ್ಲಗೇ ಕೇಳಿದ್ದಳು, ಆದರೂ ಅವರಿಗೆ ಕೇಳಿಸಿತು. ನಕ್ಕು, ಎರಡೂ ಕೈ ಚಾಚಿ ತೋರಿಸಿದರು. "ಅಡಿಕೆ ಕಲೆ ಪುಟ್ಟಿ. ಸುಲಿಯೋದು ಮುಗಿಯೋ ತನಕ ಹೋಗಲ್ಲ ಇದು." ಹೆಬ್ಬೆರಳ ತುದಿ, ಉಗುರಿನ ಸಂದು, ಅಂಗೈ ಗೆರೆಗಳು, ಎಲ್ಲಾ ಕಡೆ ಕಪ್ಪಿಗೆ ತಿರುಗಿದ ಕಂದು ಬಣ್ಣ. ಸೀರೆ ಮಾತ್ರ ಮಡಿಕೆ ಮುರಿಯದ ಹೊಸದು, ತಲೆಯಲ್ಲಿ ಸೇವಂತಿಗೆ.

ಇದು ಹೆಗ್ಗೋಡು. ಶಿವಮೊಗ್ಗ ಜಿಲ್ಲೆ ಸಾಗರದಿಂದ ಸುಮಾರು 8 ಕಿ.ಮೀ. ದೂರದ ಹಳ್ಳಿ. ಸಾಗರದ ಕಡೆ ಹೋಗುತ್ತೇವೆ ಅಂದರೆ ಸಾಕು, ಜೋಗ ನೋಡಿ, ಸಿಗಂದೂರಿಗೆ ಹೋಗಿ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ. ಎರಡೂ ನೋಡಬೇಕಾದ ಜಾಗಗಳೇ. ಆದರೆ ಎರಡೇ ದಿನ ರಜೆ ಇದ್ದರೆ ಅವೆರಡನ್ನೂ ಬಿಟ್ಟು ಹೆಗ್ಗೋಡಿನ ಸುತ್ತಮುತ್ತ ಇದ್ದುಬಿಡಿ ಅಂತ ನಾನು ಹೇಳುತ್ತೇನೆ. ಜೋಗದಲ್ಲಿ ನೀರು ನೋಡಿ ಬರುತ್ತೀರಿ. ಇಲ್ಲಿ ಜನರ ಜೊತೆ ಕೂತು ಬರುತ್ತೀರಿ. ನಾನು, ಅಮ್ಮ, 10 ವರ್ಷದ ಮಗಳು, ಮೂವರೂ ನವೆಂಬರ್ ಕೊನೆಯಲ್ಲಿ ಹೋಗಿದ್ದೆವು.

ಮೊದಲು ಹೋಗುವ ದಾರಿ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲು ಇದೆ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಬೆಳಿಗ್ಗೆ ಸಾಗರ. ನಿಲ್ದಾಣದ ಹೆಸರು ಟಿಕೆಟ್‌ನಲ್ಲಿ ಸಾಗರ ಜಂಬಗಾರು ಅಂತ ಇರುತ್ತದೆ, ಗಾಬರಿ ಬೇಡ. ಅಲಾರಂ ಇಟ್ಟುಕೊಂಡೇ ಮಲಗಿ. ನಿದ್ದೆಯಲ್ಲಿ ಸಾಗರ ದಾಟಿದರೆ ಮುಂದೆ ತಾಳಗುಪ್ಪ, ಅಲ್ಲಿಗೆ ರೈಲು ಹಳಿ ಮುಗಿಯುತ್ತದೆ. ವಾರದ ಕೊನೆಯ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ. ಹೋಗುವುದನ್ನೂ ಬರುವುದನ್ನೂ ಒಟ್ಟಿಗೇ ಮಾಡಿಸಿಕೊಳ್ಳಿ. ಸಾಗರದ ಬಸ್‌ಸ್ಟ್ಯಾಂಡಿನಿಂದ ಹೆಗ್ಗೋಡಿಗೆ ಹಗಲು ಬಸ್ಸು ಸಿಗುತ್ತದೆ, ಆಟೊ ಕೂಡ ಬರುತ್ತದೆ.

ಆದರೆ ಟಿಕೆಟ್ ಮಾಡಿಸುವ ಮೊದಲೇ ಒಂದು ಕೆಲಸ ಇದೆ. ಆ ವಾರ ನಾಟಕ ಇದೆಯಾ ಅಂತ ಊರಿನ ನಾಟಕ ಸಂಸ್ಥೆ ನೀನಾಸಂಗೆ ಫೋನ್ ಮಾಡಿ ಕೇಳಿ. ಪ್ರತಿ ಶನಿವಾರ ಇರುವುದಿಲ್ಲ. ನಮ್ಮ ಪರಿಚಯದವರೊಬ್ಬರು ಕೇಳದೆ ಹೋಗಿ, ಬಾಗಿಲು ಹಾಕಿದ ರಂಗಮಂದಿರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬಂದಿದ್ದರು. ಅಕ್ಟೋಬರ್‌ನಲ್ಲಿ ಸಂಸ್ಕೃತಿ ಶಿಬಿರ ನಡೆಯುತ್ತದೆ. ಅದಕ್ಕೆ ಮೊದಲೇ ಹೆಸರು ಕೊಟ್ಟಿರಬೇಕು. ನಾವು ಹೋದಾಗ ಇದ್ದದ್ದು ರಂಗಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳ ನಾಟಕ.

ನೀನಾಸಂ ಅಂದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ. 1949ರಲ್ಲಿ ಊರಿನವರೇ ಸೇರಿ ಕಟ್ಟಿಕೊಂಡಿದ್ದು. ಹಗಲು ತೋಟದ ಕೆಲಸ, ರಾತ್ರಿ ನಾಟಕದ ತಾಲೀಮು. ಕೆ.ವಿ. ಸುಬ್ಬಣ್ಣ ಇದನ್ನು ಬೆಳೆಸಿದ ಬಗೆಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ 1972ರದ್ದು, ರಂಗಶಿಕ್ಷಣ ಕೇಂದ್ರ 1980ರದ್ದು. 1985ರಿಂದ ತಿರುಗಾಟದ ತಂಡ ಊರೂರಿಗೆ ನಾಟಕ ಹೊತ್ತುಕೊಂಡು ಹೋಗುತ್ತಿದೆ. ನಿಮ್ಮ ಊರಿಗೂ ಬಂದಿರಬಹುದು. ಆದರೆ ಹೆಗ್ಗೋಡಿನಲ್ಲೇ ಕೂತು ನೋಡುವುದು ಬೇರೆ. ಅಲ್ಲಿ ನಾಟಕದಷ್ಟೇ ನೋಡಬೇಕಾದ್ದು ನೋಡಲು ಬಂದ ಜನರನ್ನು.

ಸಂಜೆ ಆರೂವರೆಗೆಲ್ಲ ಬರತೊಡಗಿದರು. ಹಾಲು ಕರೆದು, ಡೇರಿಗೆ ಕೊಟ್ಟು, ಸ್ನಾನ ಮಾಡಿ ಬಂದವರು. ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಶಾಲು. ಅಜ್ಜಂದಿರು, ಶಾಲೆ ಹುಡುಗರು, ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಂದಿರು. ಒಬ್ಬರಿಗೊಬ್ಬರು "ಕೊನೆ ಕೊಯ್ಲು ಆಯ್ತಾ?" ಅಂತ ಕೇಳುತ್ತಾ ಒಳಗೆ ಹೋದರು. ಕೊನೆ ಅಂದರೆ ಅಡಿಕೆ ಗೊನೆ. ಬೆಲ್ಲು ಹೊಡೆದ ಮೇಲೆ ಅಷ್ಟೂ ಜನ ಸುಮ್ಮನಾದರು. ಬೆಂಗಳೂರಿನಲ್ಲಿ ನಾಟಕದ ಮಧ್ಯೆ ಫೋನು ಬೆಳಗುವುದು ನೋಡಿ ನೋಡಿ ರೂಢಿಯಾಗಿತ್ತು. ಇಲ್ಲಿ ಎರಡು ತಾಸಿನಲ್ಲಿ ಒಂದೂ ಬೆಳಗಲಿಲ್ಲ. ಪಕ್ಕದ ಅಕ್ಕ ಮಾತ್ರ ಒಂದು ಕಡೆ ತಡೆಯಲಾರದೆ, "ಈ ಹುಡ್ಗಿ ಚೆನ್ನಾಗ್ ಮಾಡ್ತಾಳೆ, ಹೋದ ಸಲಕ್ಕಿಂತ ಪಳಗಿದಾಳೆ" ಅಂದರು. ಕಲಿಯಲು ಬಂದ ಹುಡುಗಿಯ ನಟನೆಯನ್ನು ಆಕೆ ಒಂದು ನಾಟಕದಿಂದ ಇನ್ನೊಂದಕ್ಕೆ ಹೀಗೆ ಗಮನಿಸುತ್ತಾ ಬಂದಿದ್ದಾರೆ. ನನಗೆ ಆ ಮಾತು ಕೇಳಿ ಗಂಟಲು ಕಟ್ಟಿತು. 1970ರ ದಶಕದಲ್ಲಿ ಇದೇ ಊರಿನಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ದೊಡ್ಡ ದೊಡ್ಡ ಸಿನಿಮಾಗಳನ್ನು ಊರಿನವರಿಗೆ ತೋರಿಸಿದ್ದರು. ಅಂಥ ಊರಿನಲ್ಲಿ ಪ್ರೇಕ್ಷಕರು ಹೀಗಿರುವುದು ಸಹಜ, ಅಲ್ವಾ?

ಈಗ ನಮಗಾದ ಒಂದು ಪಜೀತಿ. ನಾವು ಉಳಿದಿದ್ದು ಒಂದೂವರೆ ಕಿ.ಮೀ. ಆಚೆ ಒಬ್ಬರ ಮನೆಯಲ್ಲಿ. ವಾಪಸ್ ಬಿಡುತ್ತೇನೆ ಅಂದಿದ್ದ ಆಟೊದವರು ಬರಲೇ ಇಲ್ಲ. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಒಂಬತ್ತು ಗಂಟೆ ದಾಟಿತ್ತು, ಬಸ್ಸು ಮುಗಿದಿತ್ತು. ಅಮ್ಮನಿಗೆ ಮಂಡಿನೋವು ಬೇರೆ. ಹಾಗಾಗಿ ರಾತ್ರಿ ನಾಟಕಕ್ಕೆ ಹೋಗುವವರು ಎರಡರಲ್ಲಿ ಒಂದು ಮಾಡಿ: ನಡೆಯುವಷ್ಟು ಹತ್ತಿರ ಉಳಿದುಕೊಳ್ಳಿ, ಇಲ್ಲವೇ ಸ್ವಂತ ಗಾಡಿ ಇಟ್ಟುಕೊಳ್ಳಿ. ಟಾರ್ಚು ಯಾವುದಕ್ಕೂ ಇರಲಿ. ಮಳೆಗಾಲವಾದರೆ ಇಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣವೋ ಉಪ್ಪೋ ಕೂಡ.

ಅಕ್ಕ ನಮ್ಮನ್ನು ಬಿಟ್ಟು ಹೋಗಲಿಲ್ಲ. "ನಂದೂ ಅದೇ ದಾರಿ, ಬನ್ನಿ" ಅಂದರು. ಅಮ್ಮನ ಕೈ ಹಿಡಿದುಕೊಂಡು ನಿಧಾನ ನಡೆದರು. ಅರ್ಧ ದಾರಿಯಲ್ಲಿ ಒಂದು ಮನೆ ಅಂಗಳದಲ್ಲಿ ದೀಪ ಉರಿಯುತ್ತಿತ್ತು. ಹತ್ತು ಹನ್ನೆರಡು ಜನ ಸಾಲಾಗಿ ಮೆಟ್ಟುಕತ್ತಿ ಹಾಕಿಕೊಂಡು ಕೂತಿದ್ದರು. "ಒಂದ್ ತಾಸು ಸುಲಿದು ಹೋಗ್ತೀನಿ. ನೀವೂ ಕೂತ್ಕೊಳ್ಳಿ, ಆಮೇಲೆ ಮನೆ ತನಕ ಬಿಡ್ತೀನಿ" ಅಂದು ಹೊಸ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮೆಟ್ಟುಕತ್ತಿ ಅಂದರೆ ಮಣೆಗೆ ನೆಟ್ಟ ಬಾಗಿದ ಕತ್ತಿ. ಕಾಲಿನಿಂದ ಮಣೆ ಅದುಮಿ ಹಿಡಿದು, ಹಸಿ ಅಡಿಕೆಯನ್ನು ಅಲಗಿಗೆ ಕೊಟ್ಟು ತಿರುಗಿಸುತ್ತಾರೆ. ಚಕ್ ಅಂತ ಒಂದು ಸದ್ದು, ಸಿಪ್ಪೆ ಒಂದು ಕಡೆ, ಬೇಳೆ ಬುಟ್ಟಿಗೆ. ಕಣ್ಣು ಕತ್ತಿಯ ಮೇಲಿಲ್ಲ, ಮಾತಿನ ಮೇಲಿದೆ. ಅಕ್ಕ ಕೈ ನಿಲ್ಲಿಸದೆ ನಾಟಕದ ಕತೆ ಹೇಳತೊಡಗಿದರು. ಬಾರದವರು ನಡುನಡುವೆ ಪ್ರಶ್ನೆ ಕೇಳಿದರು. ರಾಜನ ಪಾತ್ರ ಮಾಡಿದವನ ಮಾತು ಹಿಂದಿನ ಸಾಲಿಗೆ ಕೇಳಿಸಲಿಲ್ಲ ಅಂತ ಒಬ್ಬ ಅಣ್ಣ ತಕರಾರು ತೆಗೆದ. ಅವನೂ ಆಗಲೇ ನೋಡಿ ಬಂದವನು. ನಾಟಕದ ವಿಮರ್ಶೆ ಹೀಗೆ ಅಡಿಕೆ ರಾಶಿಯ ಸುತ್ತ ನಡೆಯುವುದನ್ನು ನಾನು ಮೊದಲ ಸಲ ನೋಡಿದ್ದು. ಮನೆಯಾಕೆ ಬಂದು ಅಮ್ಮನನ್ನು "ಆಸ್ರಿಗೆ ಎಂತ ಕೊಡ್ಲಿ?" ಅಂತ ಕೇಳಿದರು. ಆಸರಿಗೆ ಅಂದರೆ ಕುಡಿಯಲು. ಬೇಡ ಅನ್ನಬೇಡಿ, ಏನಾದರೂ ಒಂದು ಹೇಳಿ. ನಮಗೆ ಬಿಸಿ ಬಿಸಿ ಕಷಾಯ ಬಂತು.

ಸುಲಿದ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಎತ್ತರಕ್ಕೆ ಕಟ್ಟಿದ ಅಟ್ಟದ ಮೇಲೆ ಬಿಸಿಲಿಗೆ ಹರಡುತ್ತಾರೆ. ಬೇಯಿಸಿ ಉಳಿದ ಗಟ್ಟಿ ಕೆಂಪು ನೀರೇ ಚೊಗರು. ಅಡಿಕೆಗೆ ಬಣ್ಣ ಬರುವುದು ಅದರಿಂದ.

ಚೊಗರಿನ ಇನ್ನೊಂದು ಬಳಕೆಯನ್ನು ಅದೇ ದಿನ ಬೆಳಿಗ್ಗೆ ನೋಡಿ ಬಂದಿದ್ದೆವು. ಪಕ್ಕದ ಭೀಮನಕೋಣೆಯಲ್ಲಿ ಚರಕ ಇದೆ, ಹೆಂಗಸರ ಕೈಮಗ್ಗದ ಸಹಕಾರಿ ಸಂಘ. ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ಶುರುವಾಗಿದ್ದು. ಅಲ್ಲಿ ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಅಡಿಕೆ ಚೊಗರಿನದೂ ಒಂದು. ದಾಳಿಂಬೆ ಸಿಪ್ಪೆ, ನೀಲಿ ಗಿಡದ ಬಣ್ಣವೂ ಇವೆ. ಬೆಳಿಗ್ಗೆ ಲಾಳಿ ಓಡುವ ಸದ್ದಿನಲ್ಲಿ ನಿಂತು ಕಂದುಗೆಂಪು ಬಟ್ಟೆ ಮುಟ್ಟಿ ನೋಡಿದ್ದ ಮಗಳು, ರಾತ್ರಿ ಅಕ್ಕನ ಬೆರಳು ಹಿಡಿದು "ಅದೇ ಬಣ್ಣ" ಅಂದಳು. ಬಟ್ಟೆ ತಗೊಳ್ಳುವ ಮನಸ್ಸಿದ್ದರೆ ಅಲ್ಲೇ ತಗೊಳ್ಳಿ. ಮನೆಯಲ್ಲಿ ಮೊದಲ ಸಲ ಒಗೆಯುವಾಗ ಬೇರೆಯಾಗಿ ಒಗೆಯಿರಿ, ನೆರಳಲ್ಲಿ ಒಣಗಿಸಿ. ಕೆಲಸ ಮಾಡುತ್ತಿರುವವರ ಮುಖಕ್ಕೆ ಕೇಳದೆ ಮೊಬೈಲ್ ಹಿಡಿಯಬೇಡಿ. ಇದು ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ಅನ್ವಯ.

ಊಟದ ವಿಷಯ. ಹೋಟೆಲ್ ಹುಡುಕಬೇಡಿ. ಉಳಿದ ಮನೆಯಲ್ಲೇ ಊಟಕ್ಕೆ ಮೊದಲೇ ಹೇಳಿಡಿ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ, ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಮಿಡಿ ಉಪ್ಪಿನಕಾಯಿ. ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸಿ, ಮತ್ತೆ ಲೋಟದಲ್ಲಿ ಹಾಕಿಸಿಕೊಂಡು ಕುಡಿಯಿರಿ. ಮಧ್ಯಾಹ್ನದ ನಿದ್ದೆ ಗ್ಯಾರಂಟಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ದುಡ್ಡು ಹೋಗುವುದಿಲ್ಲ.

ಭಾನುವಾರ ಒಂದು ಆಟೊ ಮಾತಾಡಿಕೊಂಡು ಇಕ್ಕೇರಿ, ಕೆಳದಿ ಎರಡೂ ನೋಡಿದೆವು. ಎರಡೂ ಸಾಗರಕ್ಕೆ ಹತ್ತಿರ, ಎರಡೂ ಕೆಳದಿ ನಾಯಕರ ರಾಜಧಾನಿಗಳಾಗಿದ್ದವು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಜನ ಇರುವುದಿಲ್ಲ. ಒಳಗೆ ನೆಲ ನೋಡಿಕೊಂಡು ನಡೆಯಿರಿ. ದೇವರಿಗೆ ಉದ್ದಂಡ ನಮಸ್ಕಾರ ಮಾಡುತ್ತಿರುವ ಮೂವರು ನಾಯಕರನ್ನು ನೆಲದ ಕಲ್ಲಿನಲ್ಲೇ ಕೆತ್ತಿದ್ದಾರೆ. ಬಂದವರ ಕಾಲಧೂಳು ನಮ್ಮ ಮೇಲೆ ಬೀಳಲಿ ಅನ್ನುವ ಹಾಗೆ ಮಲಗಿದ್ದಾರೆ. ಅಮ್ಮ ಪಕ್ಕಕ್ಕೆ ಸರಿದು ದಾಟಿದರು. ಕೆಳದಿಯಲ್ಲಿ ವೀರಭದ್ರ ಗುಡಿಯ ಒಳಛಾವಣಿಯಲ್ಲಿ ಗಂಡಭೇರುಂಡ ಇದೆ, ಕತ್ತೆತ್ತಿ ನೋಡಿ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ರಾಣಿ ಚೆನ್ನಮ್ಮ ಈ ಮನೆತನದವಳು. ಮಕ್ಕಳಿಗೆ ಈ ಕತೆ ಅಲ್ಲೇ ನಿಂತು ಹೇಳಿ. ಅಲ್ಲಿನ ಚಿಕ್ಕ ವಸ್ತುಸಂಗ್ರಹಾಲಯಕ್ಕೂ ಅರ್ಧ ಗಂಟೆ ಇಟ್ಟುಕೊಳ್ಳಿ.

ಮೂರನೇ ದಿನ ಸಿಕ್ಕಿದರೆ ಸಿಗಂದೂರು ಸೇರಿಸಬಹುದು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ಲಾಂಚಿಗಾಗಿ ಸಾಲಿನಲ್ಲಿ ಕಾಯುವುದು ತಪ್ಪಿದೆ. ಜೋಗಕ್ಕೆ ಮಳೆಗಾಲದಲ್ಲೇ ಬೇರೆಯಾಗಿ ಬನ್ನಿ.

ಭಾನುವಾರ ರಾತ್ರಿ ರೈಲಿಗೆ ಸಾಗರದಲ್ಲಿ ಸ್ವಲ್ಪ ಮೊದಲೇ ಇರಿ, ಅಲ್ಲಿ ರೈಲು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆ ಶನಿವಾರ ರಾತ್ರಿ ನಾನು ಕೇಳಿಕೊಂಡೇ ಅಕ್ಕನ ಕೈಯ ಫೋಟೊ ಒಂದು, ಎಲ್ಲರೂ ಸುಲಿಯುತ್ತಾ ಕೂತದ್ದು ಒಂದು ತೆಗೆದಿದ್ದೆ. "ಎಲ್ಲಾರೂ ತೆಗಿತಾರೆ, ಯಾರೂ ಕಳ್ಸಲ್ಲ" ಅಂದಿದ್ದರು. ಬೆಂಗಳೂರಿಗೆ ಬಂದ ವಾರವೇ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದೆವು. ಹದಿನೈದು ದಿನ ಬಿಟ್ಟು ಫೋನ್ ಬಂತು. ಫೋಟೊ ಸಿಕ್ಕಿತು ಅಂದರು, ಅಮ್ಮನ ಮಂಡಿ ಹೇಗಿದೆ ಅಂತ ಕೇಳಿದರು. ಆಮೇಲೆ, "ಮುಂದಿನ ತಿಂಗಳು ಇನ್ನೊಂದ್ ನಾಟ್ಕ ಐತಂತೆ. ಮಗಳನ್ನ ಕರ್ಕೊಂಡ್ ಬನ್ನಿ, ಆಟೊ ಗೀಟೊ ಏನೂ ಬೇಡ, ನಮ್ಮನೇಲೇ ಉಳ್ಕೊಳ್ಳಿ" ಅಂದರು.