ಕಥೆ ಪೆಟ್ಟಿಗೆ: ಇಲ್ಲಿವರೆಗೆ ಆದ ಕೆಲಸ

ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳೋಕೆ ಅಂತ ಮಾಡುತ್ತಿದ್ದ ರಟ್ಟಿನ ಪೆಟ್ಟಿಗೆ ಕೊನೆಗೂ ತಯಾರಾಗಿದೆ. ಮುಂದೆ ಕಿಟಕಿ, ಅದಕ್ಕೆ ಎರಡು ಬಾಗಿಲು, ಒಳಗೆ ಚಿತ್ರದ ಹಾಳೆಗಳು. ಪಕ್ಕದಿಂದ ಒಂದು ಹಾಳೆ ಎಳೆದರೆ ಅದರ ಹಿಂದಿನ ಚಿತ್ರ ಕಾಣುತ್ತದೆ. ಅಷ್ಟೇ ಯಂತ್ರ!

ಐಡಿಯಾ ಜಪಾನಿನ ಕಾಮಿಶಿಬಾಯಿಯದು, ಅಂದರೆ ಚಿತ್ರದ ಹಾಳೆ ತೋರಿಸುತ್ತಾ ಕಥೆ ಹೇಳುವ ಆಟ. 1930ರ ದಶಕದಲ್ಲಿ ಅಲ್ಲಿನ ಕಥೆಗಾರರು ಇಂಥ ಮರದ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಎರಡು ಮರದ ತುಂಡುಗಳನ್ನು ಟಕ್ ಟಕ್ ಅಂತ ಬಡಿದರೆ ಮಕ್ಕಳು ಓಡಿ ಬರುತ್ತಿದ್ದರು. ಅವರ ಸಂಪಾದನೆ ಮಿಠಾಯಿ ಮಾರಿ. 1953ರಲ್ಲಿ ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಯಿತು, ಬರಬರುತ್ತಾ ಬೀದಿಯ ಆಟ ಕಡಿಮೆಯಾಯಿತು. ಆದರೆ ಶಾಲೆ, ಲೈಬ್ರರಿಗಳಲ್ಲಿ ಇದು ಇವತ್ತಿಗೂ ಇದೆ.

ಪುಸ್ತಕ ಇರುವಾಗ ಪೆಟ್ಟಿಗೆ ಯಾಕೆ ಅಂತ ಕೇಳಬಹುದು. ಗುಂಪಿಗೆ ಪುಸ್ತಕ ಓದಿದವರಿಗೆ ಕಷ್ಟ ಗೊತ್ತಿರುತ್ತದೆ. ಚಿತ್ರ ಮಕ್ಕಳ ಕಡೆಗಿರಬೇಕು, ಅಕ್ಷರ ನಮ್ಮ ಕಡೆಗಿರಬೇಕು. ಕತ್ತು ತಿರುಚಿ ಓದಬೇಕು, ಇಲ್ಲವೇ ಓದಿ ಮುಗಿಸಿ ಆಮೇಲೆ ತಿರುಗಿಸಿ ತೋರಿಸಬೇಕು. ಅಷ್ಟರಲ್ಲಿ ಹಿಂದಿನ ಸಾಲಿನವರು ಎದ್ದು ನಿಂತಿರುತ್ತಾರೆ. ಪೆಟ್ಟಿಗೆಯಲ್ಲಿ ಈ ತಾಪತ್ರಯ ಇಲ್ಲ, ಕಥೆಯ ಮಾತು ಹಾಳೆಯ ಬೆನ್ನ ಮೇಲೇ ಇರುತ್ತದೆ.

ಬೆನ್ನಿಗೆ ಬರೆಯೋದಕ್ಕೂ ಒಂದು ಲೆಕ್ಕ ಇದೆ. ಮೊದಲ ಚಿತ್ರದ ಮಾತು ಕೊನೆಯ ಹಾಳೆಯ ಬೆನ್ನಿಗೆ ಬರಬೇಕು. ಎರಡನೇ ಚಿತ್ರದ್ದು ಮೊದಲ ಹಾಳೆಯ ಬೆನ್ನಿಗೆ, ಮೂರನೆಯದು ಎರಡನೆಯದರ ಬೆನ್ನಿಗೆ. ಎಳೆದ ಹಾಳೆಯನ್ನು ಎಲ್ಲದರ ಹಿಂದೆ ಸೇರಿಸುತ್ತೇವಲ್ಲ, ಈಗ ಬೇಕಾದ ಮಾತು ಸರಿಯಾಗಿ ನಮ್ಮ ಕಣ್ಣೆದುರಿಗೆ ಬರುತ್ತದೆ. ಬರೆಯುವ ಮೊದಲು ಖಾಲಿ ಹಾಳೆಗಳಿಗೆ ನಂಬರ್ ಹಾಕಿ ಒಂದು ಸುತ್ತು ಎಳೆದು ನೋಡಿ, ತಲೆನೋವು ತಪ್ಪುತ್ತದೆ.

ಹಾಳೆಗಳು ಎ3 ಅಳತೆಯವು, ಅಂದರೆ 29.7 × 42 ಸೆಂ.ಮೀ. ದಪ್ಪ ಡ್ರಾಯಿಂಗ್ ಶೀಟೇ ಬೇಕು, ತೆಳ್ಳಗಿದ್ದರೆ ಎಳೆಯುವಾಗ ಬಾಗುತ್ತದೆ. ಕಿಟಕಿಯನ್ನು ಹಾಳೆಗಿಂತ ಸುತ್ತಲೂ 1 ಸೆಂ.ಮೀ. ಚಿಕ್ಕದಾಗಿ ಕತ್ತರಿಸಿದ್ದೇನೆ. ಪೆಟ್ಟಿಗೆಯ ತಳಕ್ಕೆ ನುಣುಪಾದ ಟೇಪ್ ಅಂಟಿಸಿದ ಮೇಲೆ ಹಾಳೆ ಸಲೀಸಾಗಿ ಜಾರುತ್ತಿದೆ. ಬಾಗಿಲಿನ ಕೀಲಿಗೆ ಬಟ್ಟೆಯ ಟೇಪು.

ಕಥೆ ನಾನೇ ಕಟ್ಟಿದ್ದು. ಒಂದು ಕೆಂಪು ಕೊಡೆ ಗಾಳಿಗೆ ಹಾರಿಹೋಗುತ್ತದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ "ನೀವು ನನ್ನವರಾ?" ಅಂತ ಕೇಳುತ್ತದೆ. ಒಟ್ಟು 12 ಹಾಳೆ. ಅದೇ ಪ್ರಶ್ನೆ ಮತ್ತೆ ಮತ್ತೆ ಬರುವಂತೆ ಬೇಕಂತಲೇ ಬರೆದೆ. ಎರಡು ಸಲ ಕೇಳಿಸಿಕೊಂಡ ಮಕ್ಕಳು ಮೂರನೇ ಸಲ ನನಗೆ ಹೇಳೋಕೇ ಬಿಡಲಿಲ್ಲ, ಅವರೇ ಕೂಗಿದರು.

ಇದರ ನಿಜವಾದ ಮಜಾ ಅರ್ಧ ಎಳೆಯೋದರಲ್ಲಿದೆ. ಹಾಳೆ ನೋಡುವವರ ಎಡಕ್ಕೆ ಸರಿಯುತ್ತದೆ, ಹಾಗಾಗಿ ಮುಂದಿನ ಚಿತ್ರದ ಬಲ ಅಂಚು ಮೊದಲು ಕಾಣುತ್ತದೆ. ಅದನ್ನು ನೋಡಿಕೊಂಡೇ ಐದನೇ ಹಾಳೆಯ ಬಲ ತುದಿಗೆ ಬರೀ ಒಂದು ಬಾಲ ಬರೆದಿದ್ದೆ. ನಾಲ್ಕನೆಯದನ್ನು ನಾಲ್ಕು ಬೆರಳಷ್ಟು ಎಳೆದು ಸುಮ್ನೆ ನಿಂತೆ. "ಹಾವು!" "ಅಲ್ಲ, ಇಲಿ!" "ಇಲಿ ಬಾಲ ಅಷ್ಟು ದಪ್ಪ ಇರಲ್ಲ." ಮೂಲೆಯಲ್ಲಿದ್ದ ಒಬ್ಬ ಪುಟ್ಟ ಹುಡುಗಿ ಮಾತ್ರ, ಇದುವರೆಗೆ ಬಾಯಿ ಬಿಡದವಳು, "ಅದು ಮಂಗ. ನೇತಾಡ್ತಿದೆ, ಅದಕ್ಕೇ ಬಾಲ ಮಾತ್ರ ಕಾಣ್ತಿದೆ" ಅಂದಳು. ಎಳೆದೆ. ಚಿತ್ರದಲ್ಲಿದ್ದದ್ದು ಬೆಕ್ಕು. ಅವಳು ಒಪ್ಪಲಿಲ್ಲ! ಹಾಗಾಗಿ ಆವತ್ತು ಕೊಡೆಗೆ ಬೆಕ್ಕಿನ ವೇಷದ ಮಂಗ ಸಿಕ್ಕಿತು.

ದನಿ ಬದಲಿಸೋದು, ಅಭಿನಯ ಮಾಡೋದು ಎಲ್ಲ ಬೇಕು ನಿಜ. ಆದರೆ ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಕೆಲಸ ಮಾಡೋದು ಬಾಯಿ ಮುಚ್ಚಿಕೊಂಡು ಕಾಯೋದು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರಪುಸ್ತಕ ಓದುವಾಗ ಹೌದು–ಇಲ್ಲ ಅಂತ ಮುಗಿಯದ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತಾ ಹೋದ ಅಪ್ಪ ಅಮ್ಮಂದಿರ ಮಕ್ಕಳು ಸುಮಾರು ಒಂದು ತಿಂಗಳಲ್ಲೇ ಮಾತಿನಲ್ಲಿ ಮುಂದಿದ್ದರು. "ಇದು ಬೆಕ್ಕಾ?" ಅಂದರೆ "ಹೂಂ" ಅಂತ ಬರುತ್ತದೆ. "ಇದು ಇಲ್ಲಿಗೆ ಯಾಕೆ ಬಂತು?" ಅಂದರೆ ಕಥೆಯೇ ಬರುತ್ತದೆ, ಅಲ್ವಾ?

ಕಥೆ ಮುಗಿದ ಮೇಲೆ ಮಳೆ, ಗಾಳಿ, ಬೆಕ್ಕು ಇರುವ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿದೆ. ಬೆನ್ನಲ್ಲ, ಮುಖ ಕಾಣುವ ಹಾಗೆ. ಇನ್ನೂ ಓದಲು ಬಾರದ ಮಕ್ಕಳು ಪುಸ್ತಕ ಆರಿಸೋದು ಮುಖಪುಟ ನೋಡಿಯೇ. ಬೆಕ್ಕಿನ ಪುಸ್ತಕಕ್ಕೆ ಸಣ್ಣ ಜಗಳವೂ ಆಯಿತು.

ಬಾಕಿ ಇರೋದು ಇಷ್ಟು. ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿದೆ, ಅದಕ್ಕೆ ಕ್ಲಿಪ್ ಹುಡುಕಬೇಕು. ಮೂರು ವರ್ಷದವರಿಗೆ 12 ಹಾಳೆ ಉದ್ದವಾಯಿತು, ಆರಕ್ಕೆ ಇಳಿಸಿ ಬೇರೆ ಕಟ್ಟು ಮಾಡುತ್ತೇನೆ. ದೊಡ್ಡ ಮಕ್ಕಳಿಗೆ ಬರೀ ಖಾಲಿ ಹಾಳೆ ಕೊಡುತ್ತೇನೆ, ಒಬ್ಬೊಬ್ಬರು ಒಂದೊಂದು ಚಿತ್ರ ಬರೆದು ಕಥೆ ಅವರೇ ಕಟ್ಟಲಿ. ಬೆನ್ನಿನ ಲೆಕ್ಕ ಮಾತ್ರ ನಾನೇ ನೋಡಿಕೊಳ್ಳಬೇಕಾಗುತ್ತದೆ. ಮಂಗನ ಹುಡುಗಿಗೆ ಐದನೇ ಹಾಳೆ ಅಂತ ಈಗಲೇ ಬುಕ್ ಆಗಿದೆ.