ಮುಂದೆಯೇ ಸಾವಿರಾರು ವೈಲ್ಡ್‌ಬೀಸ್ಟ್‌ಗಳಿದ್ದರೂ ಸಿಂಹ ಏಕೆ ಸುಮ್ಮನೆ ಮಲಗಿರುತ್ತದೆ?

ವನ್ಯಜೀವಿಗಳ ಕುರಿತು ನಾನು ಬರೆಯುವುದನ್ನು ಬಲ್ಲವರು, ಅದರಲ್ಲೂ ಜುಲೈ, ಆಗಸ್ಟ್ ತಿಂಗಳಲ್ಲಿ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿ ಬಂದವರು, ಕೇಳದೆ ಬಿಡದ ಪ್ರಶ್ನೆಯೊಂದಿದೆ: “ಅಷ್ಟೊಂದು ವೈಲ್ಡ್‌ಬೀಸ್ಟ್‌ಗಳು ಎದುರಿಗೇ ಸಾಲುಗಟ್ಟಿ ಹೋದವು. ಸಿಂಹಗಳು ಮಾತ್ರ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಲಗಿಬಿಟ್ಟವು. ಹಾಗಾದರೆ ಅವು ಬೇಟೆಯಾಡುವುದು ಯಾವಾಗ, ಹೇಗೆ?” (ವೈಲ್ಡ್‌ಬೀಸ್ಟ್ ಎಂದರೆ ದನದಂತೆ ಕಾಣುವ, ಹಿಂಡುಹಿಂಡಾಗಿ ಮೇಯುವ ಆಫ್ರಿಕಾದ ದೊಡ್ಡ ಜಿಂಕೆ.) ಟಿವಿಯಲ್ಲಿ ಮಾತ್ರ ನೋಡಿದವರ ಪ್ರಶ್ನೆ ಸ್ವಲ್ಪ ಬೇರೆ. ಸಿಂಹಗಳು ವರ್ಷವಿಡೀ ಹಿಂಡಿನ ಬೆನ್ನು ಹತ್ತಿ ಹೋಗುತ್ತವೆ ಎಂದು ಅವರು ತಿಳಿದಿರುತ್ತಾರೆ. ಎರಡಕ್ಕೂ ನನ್ನ ಉತ್ತರ ಒಂದೇ: ಸಿಂಹ ಪ್ರಾಣಿಯನ್ನು ಆರಿಸುವುದಕ್ಕೆ ಮುಂಚೆ ನೆಲವನ್ನು ಆರಿಸುತ್ತದೆ. ಆ ನೆಲದಲ್ಲಿ ಬೇಟೆ ಸಾಧ್ಯವಿಲ್ಲವೆಂದಾದರೆ ಎದುರಿಗೆ ಹತ್ತು ಪ್ರಾಣಿಗಳಿದ್ದರೂ ಹತ್ತು ಸಾವಿರವಿದ್ದರೂ ಅದಕ್ಕೆ ಒಂದೇ.

ಮೊದಲು ವಲಸೆಯ ಸುತ್ತನ್ನು ಚುಟುಕಾಗಿ ನೋಡೋಣ. ಟಾಂಜಾನಿಯಾದ ಸೆರೆಂಗೆಟಿ ಮತ್ತು ಅದಕ್ಕೆ ಉತ್ತರದಲ್ಲಿ ಅಂಟಿಕೊಂಡಿರುವ ಕೀನ್ಯಾದ ಮಾರಾ ಸೇರಿ ಒಂದೇ ಬಯಲು. ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಹಾಗೂ ಗೆಜೆಲ್‌ಗಳು ಇಲ್ಲಿ ಮಳೆಯನ್ನೂ ಹಸಿರು ಹುಲ್ಲನ್ನೂ ಅರಸುತ್ತಾ ವರ್ಷಕ್ಕೊಂದು ಸುತ್ತು ಹಾಕುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ತೆಂಕಣದ ಎನ್‌ಡುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿ ಕರು ಹಾಕುತ್ತವೆ. ಮೇ, ಜೂನ್ ಹೊತ್ತಿಗೆ ಪಶ್ಚಿಮದ ಗ್ರುಮೆಟಿ ನದಿಯ ಕಡೆ ಇರುತ್ತವೆ. ಜುಲೈ ನಂತರ ಮಾರಾ ನದಿಯನ್ನು ದಾಟುತ್ತವೆ. ನವೆಂಬರ್ ಸುಮಾರಿಗೆ ಮಳೆ ಬಿದ್ದೊಡನೆ ತೆಂಕಣಕ್ಕೆ ಮರಳುತ್ತವೆ.

ಸಿಂಹಗಳು ಈ ಸುತ್ತನ್ನು ಹಾಕುವುದಿಲ್ಲ. ಒಂದು ಸಿಂಹ ಕುಟುಂಬವೆಂದರೆ ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮಂದಿರ ಬಳಗ. ಆ ಬಳಗಕ್ಕೆ ತನ್ನದೇ ಆದ ಗಡಿಯುಳ್ಳ ಜಾಗವಿರುತ್ತದೆ, ಅದು ತಾಯಿಯಿಂದ ಮಗಳಿಗೆ ಬರುತ್ತದೆ. ಹಿಂಡಿನ ಹಿಂದೆ ಹೊರಟರೆ ಪಕ್ಕದ ಕುಟುಂಬದ ಜಾಗವನ್ನು ತುಳಿಯಬೇಕು, ಜಗಳವಾಗಬೇಕು, ಇನ್ನೂ ನಡೆಯಲು ಬಾರದ ಮರಿಗಳನ್ನು ಎಲ್ಲೋ ಬಿಟ್ಟು ಹೋಗಬೇಕು. ಹಾಗಾಗಿ ವಲಸೆಯೆಂಬುದು ಸಿಂಹಿಣಿಯ ಪಾಲಿಗೆ ಊರ ಜಾತ್ರೆಯಿದ್ದಂತೆ: ಅದು ತಾನಾಗಿ ಬರುತ್ತದೆ, ಇದ್ದಷ್ಟು ದಿನ ಸಮೃದ್ಧಿ, ಹೋದ ಮೇಲೆ ಉಳಿದುದರಲ್ಲೇ ಜೀವನ. ಆ ಉಳಿದ ತಿಂಗಳುಗಳಲ್ಲಿ ಅವು ವಾರ್ಟ್‌ಹಾಗ್ ಎಂಬ ಹಂದಿ, ಟೋಪಿ ಎಂಬ ಜಿಂಕೆ, ಅಪಾಯವೆಂದು ತಿಳಿದೂ ಆಫ್ರಿಕಾದ ಬಫಲೊ ಎಂಬ ಕಾಡುಕೋಣ, ಹೀಗೆ ಸಿಕ್ಕಿದ್ದನ್ನು ಹಿಡಿಯುತ್ತವೆ. ಮರಿಗಳು ಹಸಿವಿನಿಂದ ಸಾಯುವುದೂ ಬಹುಮಟ್ಟಿಗೆ ಆಗಲೇ. ಹಿಂಡಿನ ಹಿಂದೆ ಅಲೆಯುವ ಸಿಂಹಗಳೇ ಇಲ್ಲವೆಂದಲ್ಲ. ಸ್ವಂತ ಜಾಗವಿಲ್ಲದ ಅಲೆಮಾರಿಗಳು, ಹೆಚ್ಚಾಗಿ ಪ್ರಾಯದ ಗಂಡುಗಳು, ಹಾಗೆ ಮಾಡುವುದುಂಟು. ಚುಕ್ಕೆ ಕತ್ತೆಕಿರುಬ ಇದಕ್ಕೊಂದು ಬೇರೆಯೇ ದಾರಿ ಕಂಡುಕೊಂಡಿದೆ. ಸೆರೆಂಗೆಟಿಯ ಕತ್ತೆಕಿರುಬದ ತಾಯಿ ಮರಿಗಳನ್ನು ಬಿಲದಲ್ಲಿ ಬಿಟ್ಟು, ಹಿಂಡು ಇರುವಲ್ಲಿಗೆ ಹತ್ತಾರು ಕಿಲೋಮೀಟರ್ ಓಡಿಹೋಗಿ, ತಿಂದು, ಹಾಲೂಡಿಸಲು ಹಿಂದಿರುಗುತ್ತಾಳೆ. ದೇಹಶ್ರಮದ ದೃಷ್ಟಿಯಿಂದ ನೋಡಿದರೆ ‘ಮೃಗರಾಜ’ ಎಂಬ ಬಿರುದು ಕತ್ತೆಕಿರುಬಕ್ಕೇ ಸಲ್ಲಬೇಕು ಎಂದು ನನಗೆ ಅನ್ನಿಸಿದೆ.

ಇನ್ನು ನೆಲದ ಮಾತು. ಸೆರೆಂಗೆಟಿಯ ಸಿಂಹಗಳ ಅಧ್ಯಯನ 1966ರಲ್ಲಿ ಜಾರ್ಜ್ ಶಾಲರ್ ಅವರಿಂದ ಆರಂಭವಾಯಿತು. ಮುಂದೆ ಕ್ರೇಗ್ ಪ್ಯಾಕರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದರು. ಒಂದೊಂದು ಸಿಂಹವನ್ನೂ ಮೀಸೆಯ ಬುಡದ ಚುಕ್ಕೆಗಳಿಂದ ಗುರುತಿಟ್ಟು ದಾಖಲಿಸಿದ ಈ ಕೆಲಸದ ಒಂದು ಭಾಗವಾಗಿ 2005ರಲ್ಲಿ ಗ್ರ್ಯಾಂಟ್ ಹಾಪ್‌ಕ್ರಾಫ್ಟ್, ಆಂಟನಿ ಸಿಂಕ್ಲೇರ್ ಮತ್ತು ಪ್ಯಾಕರ್ ಪ್ರಕಟಿಸಿದ ಲೇಖನವೊಂದು ನನ್ನ ಉತ್ತರಕ್ಕೆ ಮೂಲ. ಬೇಟೆಗಳು ನಡೆದ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದಾಗ, ಸಿಂಹಗಳು ಪ್ರಾಣಿಗಳು ಅತಿ ಹೆಚ್ಚಾಗಿ ಸೇರುವ ಕಡೆಗಿಂತ ಪ್ರಾಣಿಗಳನ್ನು ಹಿಡಿಯಲು ಸುಲಭವಾದ ಕಡೆಯನ್ನೇ ಹುಡುಕುತ್ತವೆ ಎಂಬುದು ಸ್ಪಷ್ಟವಾಯಿತು. ಮಣ್ಣು ಕೊಚ್ಚಿಹೋಗಿ ಉಂಟಾದ ಕೊರಕಲಿನ ಅಂಚು, ಹಳ್ಳದ ದಡ, ನೀರಿನ ಹತ್ತಿರದ ಪೊದೆ, ದಟ್ಟ ಹುಲ್ಲು: ಇಂಥ ಕಡೆ ಅಡಗಲು ಜಾಗವಿದೆ, ಬೇಟೆಯ ಪ್ರಾಣಿಗೆ ದೂರದವರೆಗೆ ಕಾಣುವುದಿಲ್ಲ. ಎರಡು ಹಳ್ಳಗಳು ಕೂಡುವ ಸ್ಥಳವಂತೂ ಸಿಂಹಗಳಿಗೆ ಚಿನ್ನದ ಬೆಲೆಯದು. ಅಲ್ಲಿ ನೀರಿದೆ, ನೆರಳಿದೆ, ಮರೆಯಿದೆ, ಹಿಂಡಿನ ದಾರಿ ಅಲ್ಲಿಗೆ ಬಂದು ಕಿರಿದಾಗುತ್ತದೆ. ಇಂಥ ಸಂಗಮಗಳ ಬಳಿ ನೆಲೆಸಿದ ಕುಟುಂಬಗಳಲ್ಲಿ ಬದುಕುಳಿಯುವ ಮರಿಗಳೂ ಹೆಚ್ಚು.

ಸೆರೆಂಗೆಟಿ ಉದ್ಯಾನದ ನಡುಭಾಗದ ಸೆರೊನೆರಾ ಹಳ್ಳದ ಹತ್ತಿರದ ಬೇಟೆಯೊಂದನ್ನು ಊಹಿಸಿಕೊಳ್ಳಿ. ಸಂಜೆ ಇಳಿಯುತ್ತಿದೆ, ವೈಲ್ಡ್‌ಬೀಸ್ಟ್‌ಗಳ ಸಾಲೊಂದು ನೀರಿಗೆ ಬರುತ್ತಿದೆ. ದಡದ ಮರೆಯಲ್ಲಿ ಒಂದು ಸಿಂಹಿಣಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕುಳಿತಿದ್ದಾಳೆ. ತಲೆ ಬೆನ್ನಿಗಿಂತ ಕೆಳಗಿದೆ, ಭುಜದೆಲುಬುಗಳು ಮಾತ್ರ ಬೆನ್ನ ಗೆರೆಯ ಮೇಲೆ ಎದ್ದು ಕಾಣುತ್ತವೆ. ಸಾಲಿನ ಮುಂದಿರುವ ಪ್ರಾಣಿ ತಲೆಯೆತ್ತಿದರೆ ಇವಳು ಎತ್ತಿದ ಮುಂಗಾಲನ್ನು ಇಳಿಸದೆ ಹಾಗೆಯೇ ನಿಲ್ಲುತ್ತಾಳೆ. ಅದು ತಲೆ ತಗ್ಗಿಸಿದರೆ ಎರಡು ಹೆಜ್ಜೆ ಮುಂದೆ. ಹಲವು ಸಲ ಆ ಎರಡು ಹೆಜ್ಜೆಗಳೂ ಇರುವುದಿಲ್ಲ. ಹಿಂಡೇ ತನ್ನತ್ತ ಬರುತ್ತಿರುವಾಗ ಅವಳು ಅಲುಗಾಡುವ ಅಗತ್ಯವೇನಿದೆ? ಸಾಲು ನೀರಿನ ಅಂಚಿನಲ್ಲಿ ಹಿಂಜರಿಯುತ್ತದೆ, ಹಿಂದಿನವು ಮುಂದಿನವನ್ನು ದೂಡುತ್ತವೆ, ಕೊನೆಗೆ ಬಾಯಾರಿಕೆ ಗೆಲ್ಲುತ್ತದೆ. ಮೂತಿಗಳು ನೀರಿಗೆ ಇಳಿದ ಆ ಗಳಿಗೆಯೇ ಅವಳು ಕಾದು ಕುಳಿತ ಗಳಿಗೆ. ಅವಳು ನುಗ್ಗಿದೊಡನೆ ಕೆಸರಿನಲ್ಲಿ ತಿರುಗಲು ಹೋಗಿ ಒಂದರ ಮೇಲೊಂದು ಬೀಳುವ ಪ್ರಾಣಿಗಳ ನಡುವೆ ಯಾವುದು ಹಿಂದೆ ಬಿತ್ತೋ ಅದು ಅವಳ ಪಾಲು.

‘ಮುದಿಯಾದದ್ದನ್ನು, ರೋಗಿಷ್ಠವಾದದ್ದನ್ನು ಮಾತ್ರ ಸಿಂಹ ಆರಿಸುತ್ತದೆ’ ಎಂಬ ಮಾತನ್ನು ಈ ಕಾರಣಕ್ಕಾಗಿಯೇ ನಾನು ಪೂರ್ತಿ ಒಪ್ಪುವುದಿಲ್ಲ. ಬಹುದೂರ ಅಟ್ಟಿಸಿಕೊಂಡು ಹೋಗುವ ಕತ್ತೆಕಿರುಬಕ್ಕೆ, ಕಾಡುನಾಯಿಗೆ, ಓಟದಲ್ಲಿ ಯಾವುದು ಸೋಲುತ್ತಿದೆ ಎಂದು ನೋಡುವಷ್ಟು ಸಮಯವಿರುತ್ತದೆ. ಹೊಂಚು ಹಾಕಿ ಎರಗುವ ಸಿಂಹಕ್ಕೆ ಅದಿಲ್ಲ. ಕುಂಟುತ್ತಿರುವ ಪ್ರಾಣಿ ಸಿಕ್ಕರೆ ಬಿಡುವುದಿಲ್ಲ, ನಿಜ. ಆದರೆ ಗಟ್ಟಿಮುಟ್ಟಾದ ಪ್ರಾಣಿ ತಪ್ಪು ಜಾಗದಲ್ಲಿ ನಿಂತಿದ್ದರೂ ಅಷ್ಟೇ ಸಾಕು.

ಇಷ್ಟೊಂದು ಹೊಂಚು ಏಕೆ ಬೇಕು ಎಂಬುದಕ್ಕೆ ದೇಹದ ಲೆಕ್ಕವೇ ಕಾರಣ. ಸುಮಾರು 120 ಕಿಲೋ ತೂಗುವ ಸಿಂಹಿಣಿ ನಿಂತಲ್ಲಿಂದ ಅದ್ಭುತ ವೇಗದಲ್ಲಿ ಚಿಮ್ಮಬಲ್ಲಳು, ಆದರೆ ಆ ಓಟವನ್ನು ಬಹಳ ದೂರ ಎಳೆಯಲಾರಳು. ವೈಲ್ಡ್‌ಬೀಸ್ಟ್ ಅವಳಿಗಿಂತ ವೇಗವಾಗಿ, ಅವಳಿಗಿಂತ ಬಹಳ ದೂರ ಓಡಬಲ್ಲದು. ಬೋಟ್ಸ್‌ವಾನಾದಲ್ಲಿ ಸಿಂಹ ಮತ್ತು ಜೀಬ್ರಾಗಳಿಗೆ, ಚೀತಾ ಮತ್ತು ಇಂಪಾಲಾಗಳಿಗೆ ಚಲನೆಯನ್ನು ಅಳೆಯುವ ಕೊರಳಪಟ್ಟಿ ತೊಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಟೆಗಾರ ಪ್ರಾಣಿಗಳು ತಮ್ಮ ಬೇಟೆಗಿಂತ ಶೇ 37ರಷ್ಟು ಹೆಚ್ಚು ರಭಸದಿಂದ ವೇಗ ಹೆಚ್ಚಿಸಿಕೊಳ್ಳಬಲ್ಲವು, ಶೇ 72ರಷ್ಟು ಹೆಚ್ಚು ರಭಸದಿಂದ ವೇಗ ತಗ್ಗಿಸಬಲ್ಲವು. ಹಾಗಿದ್ದೂ ಬೇಟೆಯ ಪ್ರಾಣಿ ಬಹಳ ಸಲ ಉಳಿಯುತ್ತದೆ, ಏಕೆಂದರೆ ಎತ್ತ ತಿರುಗಬೇಕು, ಯಾವಾಗ ತಿರುಗಬೇಕು ಎಂದು ನಿರ್ಧರಿಸುವುದು ಅದೇ. ಈ ಕಾರಣದಿಂದ ಸಿಂಹಿಣಿ ಮೂವತ್ತು ಮೀಟರಿಗಿಂತ ಹತ್ತಿರ, ಸಾಧ್ಯವಾದರೆ ಅದರ ಅರ್ಧದಷ್ಟು ಹತ್ತಿರ, ತಲುಪಿದ ಮೇಲೆಯೇ ಎದ್ದು ಓಡಲು ಬಯಸುತ್ತಾಳೆ. ಗಿಡ್ಡ ಹುಲ್ಲಿನ ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ತಲೆಯ ಎರಡು ಪಕ್ಕಗಳಲ್ಲಿ ಕಣ್ಣುಳ್ಳ ನೂರಾರು ಪ್ರಾಣಿಗಳಿಗೆ ಕಾಣದಂತೆ ಅಷ್ಟು ಹತ್ತಿರ ಹೋಗುವುದು ಅಸಾಧ್ಯದ ಮಾತು. ಸಫಾರಿ ಗಾಡಿಯಿಂದ ನೀವು ನೋಡಿದ ‘ಸೋಮಾರಿ’ ಸಿಂಹಕ್ಕೆ ಇದು ಚೆನ್ನಾಗಿ ಗೊತ್ತು. ಎಲ್ಲ ಅನುಕೂಲಗಳಿದ್ದಾಗಲೂ ಗೆಲುವು ಖಚಿತವಲ್ಲ. ಶಾಲರ್ ಅವರ ದಾಖಲೆಗಳಲ್ಲಿ ಒಂಟಿ ಸಿಂಹದ ಪ್ರಯತ್ನಗಳಲ್ಲಿ ಆರರಲ್ಲೊಂದರಷ್ಟು ಯಶಸ್ವಿಯಾದರೆ, ಗುಂಪಿನಲ್ಲಿ ಮಾಡಿದವು ಮೂರೂವರೆಗೊಂದರಷ್ಟು ಯಶಸ್ವಿಯಾಗಿದ್ದವು. ಗಾಳಿಗೆ ಎದುರಾಗಿ ಸಾಗಿದರೆ ಗೆಲುವು ಹೆಚ್ಚಿದ್ದರೂ ಸಿಂಹಗಳು ಗಾಳಿಯ ದಿಕ್ಕಿಗೆ ಗಮನ ಕೊಡುವುದೇ ಇಲ್ಲವೆಂದೂ ಅವರು ಬರೆದಿದ್ದಾರೆ. ಇಷ್ಟೆಲ್ಲ ಚಾಣಾಕ್ಷತನವಿರುವ ಪ್ರಾಣಿ ಇದೊಂದನ್ನು ಏಕೆ ಕಲಿಯಲಿಲ್ಲವೋ!

ಹಿಡಿದ ಮೇಲಿನ ಕೆಲಸ ಟಿವಿಯಲ್ಲಿ ಕಾಣುವಷ್ಟು ಚುರುಕಿನದಲ್ಲ. ಸಿಂಹಿಣಿ ಪಕ್ಕದಿಂದಲೋ ಹಿಂದಿನಿಂದಲೋ ಎರಗಿ, ಮುಂಗಾಲಿನ ಉಗುರುಗಳನ್ನು ಚಪ್ಪೆಗೋ ಭುಜಕ್ಕೋ ಊರಿ, ತನ್ನ ಭಾರದಿಂದಲೇ ಪ್ರಾಣಿಯನ್ನು ಕೆಡವುತ್ತಾಳೆ. ಆಮೇಲೆ ಗಂಟಲನ್ನು ಕಚ್ಚಿ ಹಿಡಿಯುತ್ತಾಳೆ, ಇಲ್ಲವೇ ಮೂಗು ಬಾಯಿಗಳೆರಡನ್ನೂ ತನ್ನ ಬಾಯಲ್ಲಿ ಮುಚ್ಚಿಬಿಡುತ್ತಾಳೆ. ಸಾವು ಉಸಿರು ಕಟ್ಟಿ ಬರುತ್ತದೆ, ಅದಕ್ಕೆ ಹಲವು ನಿಮಿಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಉಳಿದ ಸಿಂಹಗಳು ಬಂದು ಹೊಟ್ಟೆಯ ಕಡೆಯಿಂದ ತಿನ್ನಲು ಆರಂಭಿಸಿರುತ್ತವೆ. ಗಂಡು ಬಂದರೆ ತನ್ನ ಪಾಲನ್ನು ತೋಳ್ಬಲದಿಂದ ಪಡೆಯುತ್ತದೆ. ಒಂದೇ ರಾತ್ರಿಯಲ್ಲಿ ಮೂವತ್ತು ಕಿಲೋಗಿಂತ ಹೆಚ್ಚು ಮಾಂಸ ತಿನ್ನುವ ಸಾಮರ್ಥ್ಯ ಅದಕ್ಕಿದೆ. ಹಾಗೆ ತಿಂದ ಸಿಂಹ ಮರುದಿನ ಹಿಂಡು ಮೂಗಿನ ಕೆಳಗೇ ಹಾದು ಹೋದರೂ ಏಳುವುದಿಲ್ಲವೆಂಬುದು ನಿಮ್ಮ ಪ್ರಶ್ನೆಗೆ ಇನ್ನೊಂದು ಸರಳ ಉತ್ತರ.

ಗುಂಪಾಗಿ ವ್ಯೂಹ ಕಟ್ಟಿ ಬೇಟೆಯಾಡುತ್ತವೆಯೇ ಎಂದೂ ಕೇಳುತ್ತಾರೆ. ನಮೀಬಿಯಾದ ಎಟೋಷಾದಲ್ಲಿ ಫಿಲಿಪ್ ಸ್ಟ್ಯಾಂಡರ್ ನಡೆಸಿದ ಅಧ್ಯಯನದಲ್ಲಿ (1992) ಕೆಲವು ಸಿಂಹಿಣಿಯರು ಎರಡು ಪಕ್ಕಗಳಿಂದ ಸುತ್ತುವರಿದು ಪ್ರಾಣಿಗಳನ್ನು ಎಬ್ಬಿಸುತ್ತಿದ್ದರು, ಉಳಿದವರು ನಡುವೆ ಕಾದಿದ್ದು ಹಿಡಿಯುತ್ತಿದ್ದರು, ಒಬ್ಬೊಬ್ಬರೂ ಸಾಮಾನ್ಯವಾಗಿ ತಮ್ಮ ರೂಢಿಯ ಜಾಗವನ್ನೇ ಹಿಡಿಯುತ್ತಿದ್ದರು. ಅದು ಮರೆಯೇ ಇಲ್ಲದ ಬಟಾಬಯಲು. ಅಲ್ಲಿ ಬೇರೆ ದಾರಿಯಿಲ್ಲ. ಸೆರೆಂಗೆಟಿಯಲ್ಲಿ ಕಂಡದ್ದು ಇಷ್ಟು ಆದರ್ಶಮಯವಲ್ಲ. ಕಾಡುಕೋಣದಂಥ ಕಷ್ಟದ ಬೇಟೆಗೆ ಎಲ್ಲರೂ ಕೈಜೋಡಿಸುತ್ತಾರೆ. ಒಬ್ಬಳಿಂದಲೇ ಆಗುವ ಸುಲಭದ ಬೇಟೆಯಾದರೆ ಉಳಿದವರು ಕುಳಿತು ನೋಡಿ, ಊಟದ ಹೊತ್ತಿಗೆ ಬರುತ್ತಾರೆ. ಸಿಂಹಗಳು ಕೂಡಿ ಬಾಳುವುದಕ್ಕೆ ಬೇಟೆಗಿಂತ ಮರಿಗಳ ರಕ್ಷಣೆ ಹಾಗೂ ಜಾಗದ ರಕ್ಷಣೆಯೇ ಹೆಚ್ಚಿನ ಕಾರಣವೆಂದು ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ 1990ರಿಂದಲೇ ವಾದಿಸುತ್ತಾ ಬಂದಿದ್ದಾರೆ. ಮತ್ತೆ ನೆಲದ ಮಾತೇ ಬಂತು, ನೋಡಿ.

ರಾತ್ರಿಯೂ ಒಂದು ಮರೆಯೇ. ವೈಲ್ಡ್‌ಬೀಸ್ಟ್ ಬೇಟೆಯ ಬಹುಪಾಲು ನಡೆಯುವುದು ಕತ್ತಲಿನಲ್ಲಿ, ಅದರಲ್ಲೂ ಚಂದ್ರನಿಲ್ಲದ ಹೊತ್ತಿನಲ್ಲಿ. ಬೆಳದಿಂಗಳ ರಾತ್ರಿಗಳಲ್ಲಿ ಸಿಂಹಗಳ ಹೊಟ್ಟೆ ಅಷ್ಟಾಗಿ ತುಂಬಿರುವುದಿಲ್ಲವೆಂಬುದು ಅದೇ ಸೆರೆಂಗೆಟಿ ದಾಖಲೆಗಳಿಂದ ತಿಳಿದಿದೆ. ಎನ್‌ಡುಟುವಿನ ಬಯಲಿನಲ್ಲಿ ಕರು ಹಾಕುವ ಕಾಲದಲ್ಲಿ ಮಾತ್ರ ಹಗಲಲ್ಲೂ ಬೇಟೆ ಸಿಗುತ್ತದೆ. ಶೇಕಡ ಎಂಬತ್ತರಷ್ಟು ಕರುಗಳು ಎರಡು ಮೂರು ವಾರಗಳೊಳಗೆ ಹುಟ್ಟುತ್ತವೆ, ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡುತ್ತವೆ. ಸಿಂಹ, ಕತ್ತೆಕಿರುಬ, ಚೀತಾ ಎಲ್ಲವೂ ಸೇರಿ ಎಷ್ಟು ತಿಂದರೂ ಆ ಮೂರು ವಾರಗಳಲ್ಲಿ ಲಕ್ಷಗಟ್ಟಲೆ ಕರುಗಳನ್ನು ತಿಂದು ಮುಗಿಸಲಾರವು. ತಡವಾಗಿ ಒಂಟಿಯಾಗಿ ಹುಟ್ಟಿದ ಕರುವಿಗೇ ಅಪಾಯ ಹೆಚ್ಚು.

ಹಿಂಡು ಕಟ್ಟುವುದರಲ್ಲೂ ಇಂಥದ್ದೇ ಒಂದು ಲಾಭವಿದೆ. ಹದಿಮೂರು ಲಕ್ಷ ಪ್ರಾಣಿಗಳು ಬಯಲಿನ ತುಂಬ ಒಂದೊಂದಾಗಿ ಹರಡಿಕೊಂಡಿದ್ದರೆ ಪ್ರತಿ ಸಿಂಹದ ಮನೆ ಬಾಗಿಲಲ್ಲೂ ನಿತ್ಯ ಒಂದು ಬೇಟೆ ಇರುತ್ತಿತ್ತು. ಅವು ಒತ್ತೊತ್ತಾಗಿ ಸೇರಿರುವುದರಿಂದ ಬಯಲಿನ ಬಹುಭಾಗ ಬರಿದಾಗಿರುತ್ತದೆ, ಸಿಂಹಗಳಿಗೆ ಸಿಗುವ ಆಹಾರ ಬಹಳಷ್ಟು ಕುಗ್ಗುತ್ತದೆ ಎಂದು ಜಾನ್ ಫ್ರಿಕ್ಸೆಲ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕಹಾಕಿ ತೋರಿಸಿದರು. ವೈಲ್ಡ್‌ಬೀಸ್ಟ್‌ಗಳು ಸಾಯುವುದೂ ಹೆಚ್ಚಾಗಿ ಸಿಂಹದ ಬಾಯಲ್ಲಲ್ಲ. ಸೆರೆಂಗೆಟಿಯಲ್ಲಿ ಸತ್ತ ಬೆಳೆದ ವೈಲ್ಡ್‌ಬೀಸ್ಟ್‌ಗಳನ್ನು ಪರಿಶೀಲಿಸಿದ ಸೈಮನ್ ಮ್ದುಮಾ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದಂತೆ, ಸಾವುಗಳಲ್ಲಿ ಮುಕ್ಕಾಲು ಭಾಗಕ್ಕೆ ಕಾರಣ ಮಳೆಯಿಲ್ಲದ ತಿಂಗಳುಗಳ ಮೇವಿನ ಕೊರತೆ. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,250 ಪ್ರಾಣಿಗಳು ಮುಳುಗಿ ಸಾಯುತ್ತವೆ. ಕ್ಯಾಮೆರಾಗಳೆಲ್ಲ ಅಲ್ಲೇ ನೆಟ್ಟಿರುವುದರಿಂದ ದೊಡ್ಡದಾಗಿ ಕಂಡರೂ ಅದು ಇಡೀ ಹಿಂಡಿನ ನೂರರಲ್ಲೊಂದು ಪಾಲೂ ಅಲ್ಲ. ಈ ಹಿಂಡನ್ನು ನಿಜವಾಗಿ ಕುಗ್ಗಿಸಿದ್ದು ದನಗಳಿಂದ ಹರಡಿದ ರಿಂಡರ್‌ಪೆಸ್ಟ್, ಅಂದರೆ ನಮ್ಮ ಕಡೆ ದೊಡ್ಡರೋಗವೆನ್ನುವ ಪಿಡುಗು. ಸುತ್ತಲ ದನಗಳಿಗೆ ಲಸಿಕೆ ಹಾಕಿ ರೋಗ ಹಿಂಜರಿದ ಮೇಲೆ 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್‌ಗಳು 1977ರ ಹೊತ್ತಿಗೆ ಹದಿಮೂರು ಲಕ್ಷ ದಾಟಿದವು, ಸಿಂಹಗಳು ಆ ಕಾಲದುದ್ದಕ್ಕೂ ಅಲ್ಲೇ ಇದ್ದವು.

ಬೇಟೆಯನ್ನು ಕಣ್ಣಾರೆ ನೋಡಬೇಕೆಂದು ಹೋಗುವವರಿಗೆ ನಾನು ಹೇಳುವುದಿಷ್ಟು. ಬಯಲಿನ ನಡುವಿನ ದೊಡ್ಡ ಹಿಂಡಿನ ಬಳಿ ಕಾಯಬೇಡಿ. ಹಿಂಡು ಹೋಗುತ್ತಿರುವ ದಿಕ್ಕನ್ನು ನೋಡಿ, ಆ ದಾರಿಯಲ್ಲಿ ಮುಂದೆ ಎಲ್ಲಿ ಹಳ್ಳ ಅಡ್ಡ ಬರುತ್ತದೆ, ಎಲ್ಲಿ ಕೊರಕಲಿದೆ ಎಂದು ಚಾಲಕರನ್ನು ಕೇಳಿ, ಮುಂಜಾನೆ ಅಥವಾ ಸಂಜೆ ಅಲ್ಲಿ ದೂರದಲ್ಲಿ ಗಾಡಿ ನಿಲ್ಲಿಸಿ ಕುಳಿತಿರಿ. ಸಿಂಹಕ್ಕೂ ಹಿಂಡಿಗೂ ನಡುವೆ ಗಾಡಿ ತಂದು ನಿಲ್ಲಿಸಲು ಚಾಲಕ ಮುಂದಾದರೆ ಬೇಡವೆನ್ನಿ. ನಿಮ್ಮ ಫೋಟೊ ಚೆನ್ನಾಗಿ ಬರಬಹುದು, ಆದರೆ ಆ ಸಿಂಹಿಣಿ ಗಂಟೆಗಟ್ಟಲೆ ಕಾದ ಕೆಲಸ ಕೆಡುತ್ತದೆ, ಹತ್ತಿರದ ಪೊದೆಯಲ್ಲಿ ಅವಳ ಮರಿಗಳಿದ್ದರೆ ಆ ರಾತ್ರಿ ಅವು ಹಸಿದೇ ಇರುತ್ತವೆ.