ಮುಖವೀಣೆಗಾಗಿ ಒಂದು ಸಹಿ

ಇವತ್ತು ತುಮಕೂರಿನಲ್ಲಿ ನಾವು ಹನ್ನೊಂದು ಜನ ಸೇರಿ ಒಂದು ಮನವಿ ಕೊಟ್ಟು ಬಂದೆವು. ನಮ್ಮ ಕಡೆಯ ಬಯಲಾಟವಾದ ಮೂಡಲಪಾಯ ಯಕ್ಷಗಾನದ ಮೇಳಗಳಿಗೆ ಬಜೆಟ್‌ನಲ್ಲಿ ಪ್ರತಿ ವರ್ಷ ಒಂದಿಷ್ಟು ಹಣ ಇಡಿ ಅಂತ. ಈ ಆಟದಲ್ಲಿ ಊದುವ ವಾದ್ಯವೇ ಮುಖವೀಣೆ.

ನಮ್ಮೂರಿನ ಭಾಗವತರು ಸಹಿ ಹಾಕುವಾಗ ಕೈ ನಡುಗುತ್ತಿತ್ತು. "ನನಗೇನೂ ಬೇಡಪ್ಪ. ಮುಖವೀಣೆ ಕಲಿಯೋಕೆ ಒಬ್ಬ ಹುಡುಗ ಬಂದು, ಅವನ ಹೊಟ್ಟೆಗೆ ದಾರಿಯಾದರೆ ಸಾಕು" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ಕಂಪನಿ ನಾಟಕಕ್ಕೆ ಟಿಕೆಟ್ ದುಡ್ಡಿತ್ತು. ಬಯಲಾಟಕ್ಕೆ ಟಿಕೆಟ್ ಎಲ್ಲಿದೆ? ಚಾಪೆ ಹಾಸಿ ಊರಿಗೆ ಊರೇ ಬೆಳಗಿನವರೆಗೂ ಕೂರುತ್ತದೆ. ಎಲ್ಲರದ್ದೂ ಆದ ಆಟಕ್ಕೆ ಎಲ್ಲರ ತೆರಿಗೆಯಿಂದ ಸ್ವಲ್ಪ ಹೋಗಬೇಕು, ಅಲ್ವಾ?

ಮುಂದಿನ ವಾರ ತಿಪಟೂರು ಕಡೆ ಹೋಗುತ್ತೇವೆ. ಸಹಿ ಹಾಕುವವರು ಹೇಳಿ, ಮನೆಗೇ ಬರುತ್ತೇವೆ.